ಬೆಕ್ಕಿನ ಕೋಣೆ

ಪುಟಾಣಿ ಎಂಬ ಬೆಕ್ಕಿನ ಮರಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಏನೇನು ಆಗಬಹುದಿತ್ತು ಎಂಬುದರ ಪಟ್ಟಿ ಇವತ್ತಿಗೂ ನನ್ನ ತಲೆಯಲ್ಲಿದೆ. ಅದು ಅಪ್ಪನ ಶೇಂಗಾ ಚೀಲದ ಮೇಲೆ ಉಚ್ಚೆ ಹೊಯ್ದು, ಆ ಚೀಲ ಎಣ್ಣೆ ಮಿಲ್ಲಿನವರೆಗೂ ಹೋಗಿ, ಮಿಲ್ಲಿನವರು ಮೂಸಿ ನೋಡಿ ಇಡೀ ಲಾರಿ ಮಾಲನ್ನು ತಿರುಗಿಸಿ ಕಳಿಸಬಹುದಿತ್ತು. ಅಜ್ಜಿಯ ಪೂಜೆಯ ಮಣೆಯ ಮೇಲೆಯೇ ಕೂತುಬಿಡಬಹುದಿತ್ತು. ಅಜ್ಜಿ ಅನ್ನನೀರು ಬಿಡಬಹುದಿತ್ತು. ಬಿಟ್ಟು ಸತ್ತೂ ಹೋಗಬಹುದಿತ್ತು. ಆಮೇಲೆ ಓಣಿಯೆಲ್ಲ ನನ್ನ ಕಡೆ ಬೆರಳು ಮಾಡಬಹುದಿತ್ತು. ತಿಂಗಳಿಗೊಮ್ಮೆ ಊಟಕ್ಕೆ ಬರುತ್ತಿದ್ದ ಮಠದ ಅಯ್ಯನವರು ಕಾಲಿಟ್ಟ ಜಾಗ ಹಸಿಯಾಗಿರಬಹುದಿತ್ತು. ಬೆಕ್ಕು ಉಚ್ಚೆ ಹೊಯ್ಯುವ ಬೂದಿಯೂ ಪಾತ್ರೆ ತಿಕ್ಕುವ ಬೂದಿಯೂ ಅದಲುಬದಲಾಗಿ ಮನೆಮಂದಿಯೆಲ್ಲ ವಾಂತಿಭೇದಿಯಿಂದ ಮಲಗಬಹುದಿತ್ತು. ಅಪ್ಪ ಮರಿಯನ್ನು ಗೋಣಿಚೀಲಕ್ಕೆ ಹಾಕಿ ರೈಲು ಹಳಿಯಾಚೆ ಬಿಟ್ಟು ಬಂದು, ಅದು ಮನೆ ಹುಡುಕಿಕೊಂಡು ಹಳಿ ದಾಟುವಾಗ ರೈಲಿಗೆ ಸಿಕ್ಕಬಹುದಿತ್ತು. ಬೆಕ್ಕು ಸಾಯಲು ಕಾರಣರಾದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಅದಕ್ಕಾಗಿ ಅವ್ವನ ಬೋರಮಾಳ ಸರ ಕರಗಿಸಬೇಕಾಗಬಹುದಿತ್ತು. ನನಗಾಗ ಹತ್ತು ವರ್ಷ. ಇಷ್ಟನ್ನೂ ಒಂದೇ ಮಧ್ಯಾಹ್ನದಲ್ಲಿ, ಕಟ್ಟೆಯ ಮೇಲೆ ಕೂತು, ಯೋಚಿಸಿ ಮುಗಿಸಿದ್ದೆ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಮಂಡಿ ನಿಧಾನವಾಗಿವೆ, ಯೋಚನೆಯ ವೇಗ ಕಡಿಮೆಯಾಗಿಲ್ಲ.

ಪಟ್ಟಿ ಮತ್ತೆ ನೆನಪಾದದ್ದು ಮೊನ್ನೆ. ಕೂಡ್ಲಿಗಿಯ ನಮ್ಮ ಈಗಿನ ಮನೆಗೆ ಮಗಳು ಒಂದು ಬೆಕ್ಕಿನ ಮರಿ ತಂದಿದ್ದಾಳೆ. ಅದಕ್ಕೊಂದು ನೀಲಿ ಪ್ಲಾಸ್ಟಿಕ್ ಟ್ರೇ. ಟ್ರೇಗೆ ಸುರಿಯಲು ಚೀಲದಲ್ಲಿ ಬಂದ ಮರಳು. ಆ ಮರಳಿಗೆ ಯಾವುದೋ ಹೂವಿನ ವಾಸನೆ. ಮರಿ ಆ ವಾಸನೆಯನ್ನು ಒಮ್ಮೆ ಮೂಸಿ, ಸೀನಿ, ನೆಟ್ಟಗೆ ನಡೆದು ಹೋಗಿ ನನ್ನ ಗಂಡನ ಚಪ್ಪಲಿಯೊಳಗೆ ಕೆಲಸ ಮುಗಿಸಿತು.

“ಇದಕ್ಕ ಬುದ್ಧಿ ಇಲ್ಲ. ಎಲ್ಲ್ಯಾರ ಬಿಟ್ಟು ಬರ್ರಿ ಅತ್ಲಾಗ,” ಎಂದರು ಅವರು.

ಅಷ್ಟೇ ಅಂದದ್ದು. ನಾನು ಮಾತ್ರ ಒಲೆಯ ಮೇಲಿನ ಸಾರು ಉಕ್ಕಿ ಆರುವವರೆಗೆ ಮಾತಾಡಿದೆ. ಕಣ್ಣು ಬಿಟ್ಟು ಇನ್ನೂ ಒಂದೂವರೆ ತಿಂಗಳಾಗದ ಕೂಸಿಗೆ ಬುದ್ಧಿ ಇರಬೇಕು, ಮೂಗು ಕಟ್ಟುವ ಮರಳು ಕೊಟ್ಟವರಿಗೆ ಬೇಡ, ಟ್ರೇಯನ್ನು ವಾಷಿಂಗ್ ಮಷೀನಿನ ಗುಡುಗಿನ ಪಕ್ಕ ಇಟ್ಟವರಿಗೆ ಬೇಡ, ಅಲ್ಲವೇ ಎಂದೆಲ್ಲ. ಅವರು ಮೆಲ್ಲಗೆ ಎದ್ದು ಬರಿಗಾಲಲ್ಲೇ ಹೊರಗೆ ಹೋದರು. ಮಗಳು ನನ್ನ ಮುಖ ನೋಡಿದಳು.

“ಮಮ್ಮೀ, ಚಪ್ಪಲಿ ತೊಳದ್ರ ಹೋಗ್ತೈತಿ. ನೀ ಯಾರ ಮ್ಯಾಲೆ ಸಿಟ್ಟಾಗೀದಿ?”

ಉತ್ತರ ಉದ್ದವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದ ಮನೆ ಹಗರಿಬೊಮ್ಮನಹಳ್ಳಿಯಲ್ಲಿ, ರೈಲಿನ ಕೂಗು ಕೇಳಿ ಹಾಲು ಕಾಸಲು ಇಡುವಷ್ಟು ಸ್ಟೇಷನ್ನಿಗೆ ಹತ್ತಿರವಿತ್ತು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಪಡಸಾಲೆಯ ಒಂದು ಗೋಡೆಗೆ ಸೂರು ಮುಟ್ಟುವ ಹಾಗೆ ಒಟ್ಟಿದ ಶೇಂಗಾ ಚೀಲಗಳು. ಅಪ್ಪನದು ಶೇಂಗಾ ವ್ಯಾಪಾರ. ನಡುಮನೆಯ ಮೂಲೆಯಲ್ಲಿ ದೇವರ ಜಗುಲಿ, ಅದರಾಚೆ ಎರಡು ಒಲೆಯ ಅಡಿಗೆಮನೆ, ಅದಕ್ಕೆ ಅಂಟಿದ ಬಚ್ಚಲು, ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ಬೇವಿನ ಮರ ಮತ್ತು ಪಾತ್ರೆ ತೊಳೆಯುವ ಕಲ್ಲು. ಎಂಟು ಅಂಕಣದ ಮನೆ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಎಂಟು ಅಂಕಣದಲ್ಲಿ ಚೀಲಕ್ಕೆ ಜಾಗವಿತ್ತು, ತಕ್ಕಡಿಗೆ ಜಾಗವಿತ್ತು, ವರ್ಷಕ್ಕೊಮ್ಮೆ ಇಳಿಸುವ ತಾಮ್ರದ ಹಂಡೆಗೆ ಒಂದು ಇಡೀ ಅಟ್ಟವಿತ್ತು. ಪಾಯಿಖಾನೆಗೆ ಜಾಗವಿರಲಿಲ್ಲ. ಲಿಂಗಪೂಜೆ ಮಾಡುವ ಮನೆಯ ಅಂಗಳದಲ್ಲಿ ಅಂಥದ್ದು ಕಟ್ಟಬಾರದೆಂಬುದು ಅಜ್ಜಿಯ ಶಾಸನ. ಅಪ್ಪ ತನಗೆ ಬೇಕಾದಾಗ, ಬಿಸಿಲೇರಿದ ಮೇಲೂ, ಸೈಕಲ್ಲು ಹತ್ತಿ ಹಳ್ಳದ ಕಡೆ ಹೋಗಿಬರುತ್ತಿದ್ದ. ಅಜ್ಜಿ, ಅವ್ವ, ನಾನು ಬೆಳಕು ಹರಿಯುವ ಮೊದಲೇ ಚರಿಗೆಯಲ್ಲಿ ನೀರು ಹಿಡಿದು ಹಳಿಯಾಚೆಯ ಜಾಲಿಗಿಡಗಳ ಮರೆಗೆ ಹೋಗಬೇಕು. ಆ ಹೊತ್ತು ತಪ್ಪಿದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಸಂಜೆ ಕತ್ತಲಲ್ಲಿ ಅಲ್ಲಿಗೆ ಹೋಗಲು ಅವ್ವನಿಗೆ ಹಾವಿನ ಭಯ, ಹಾವಿಗಿಂತ ಹೆಚ್ಚಾಗಿ ಹಳಿಯ ಮೇಲೆ ಕೂತು ಬೀಡಿ ಸೇದುವವರ ಭಯ. ಹೀಗಾಗಿ ಹೊತ್ತು ಇಳಿದ ಮೇಲೆ ಅವಳು ನೀರು ಮುಟ್ಟುತ್ತಿರಲಿಲ್ಲ. ನಾನು ಅದನ್ನು ರುಚಿಯ ವಿಷಯ ಎಂದುಕೊಂಡಿದ್ದೆ. ಕೆಲವರಿಗೆ ಹಾಗಲಕಾಯಿ ಸೇರುವುದಿಲ್ಲ, ಅವ್ವನಿಗೆ ಸಂಜೆಯ ನೀರು ಸೇರುವುದಿಲ್ಲ.

ಶೇಂಗಾ ಇದ್ದಲ್ಲಿ ಇಲಿ. ಒಂದು ವರ್ಷ ಅವು ಚೀಲದ ಕೆಳಗಿನ ಸಾಲನ್ನೇ ತೂತು ಮಾಡಿ, ಮೇಲಿನ ಸಾಲು ಓಲಾಡುವಂತೆ ಮಾಡಿದವು. ಅಪ್ಪ ಒಂದು ಸಂಜೆ ದಲ್ಲಾಳಿ ಅಂಗಡಿಯಿಂದ ಬರುವಾಗ ಟವೆಲ್ಲಿನಲ್ಲಿ ಸುತ್ತಿ ಈ ಮರಿಯನ್ನು ತಂದ. ಹುರಿದ ಪುಟಾಣಿಯ ಬಣ್ಣ, ಮುಷ್ಟಿಯಷ್ಟು ಮೈ. ನಾನು ಅಲ್ಲೇ ಹೆಸರಿಟ್ಟೆ. ಇಲಿ ಹಿಡಿಯುವುದರ ಬಗ್ಗೆ ಆ ಸಂಜೆ ಎಲ್ಲರೂ ಮಾತಾಡಿದರು. ಅದು ಏನು ತಿನ್ನಬೇಕು, ಎಲ್ಲಿ ಮಲಗಬೇಕು, ಅಡ್ಡ ಬಂದರೆ ಅಪಶಕುನವೋ ಅಲ್ಲವೋ, ಮನೆಯದೇ ಬೆಕ್ಕಾದರೆ ಅಪಶಕುನದಲ್ಲಿ ರಿಯಾಯಿತಿ ಉಂಟೋ, ಎಲ್ಲ ಚರ್ಚೆಯಾಯಿತು. ತಿಂದದ್ದು ಹೊರಗೆ ಬರುವ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯ ಯಾರದ್ದೇ ಆಗಲಿ ಬಾಯಲ್ಲಿ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಚೀಲದ ಮೇಲೆ, ಮಧ್ಯಾಹ್ನ ಅಪ್ಪನ ಗಾದಿಯ ಮೇಲೆ, ಮೂರನೆಯ ದಿನ ಅಜ್ಜಿಯ ಕೌದಿಯ ಮೇಲೆ. ಅಜ್ಜಿ ಅದರ ಕುತ್ತಿಗೆ ಹಿಡಿದು ಒದ್ದೆಯಾದ ಕೌದಿಗೆ ಅದರ ಮೂಗನ್ನು ತಿಕ್ಕಿದಳು. ಬೆಕ್ಕಿಗೆ ಕಲಿಸುವುದೇ ಹಾಗಂತೆ. ಅದು ಏನು ಕಲಿಯಿತೋ ಕಾಣೆ, ಅಜ್ಜಿಯನ್ನು ಕಂಡರೆ ಚೀಲದ ಸಂದಿಗೆ ಓಡಿ, ಹೆದರಿಕೆಗೆ ಅಲ್ಲೇ ಇನ್ನೊಂದು ಸಲ ಮಾಡುವುದನ್ನಂತೂ ಕಲಿಯಿತು. ನನಗೆ ಮೈಯೆಲ್ಲ ಉರಿಯಿತು. ನಾನೂ ಇದೇ ನೆಲದ ಮೇಲೆ ಎರಡು ವರ್ಷ ಕಂಡಕಂಡಲ್ಲಿ ಮಾಡಿದವಳೇ. ನನ್ನ ಮೂಗನ್ನು ಯಾರೂ ತಿಕ್ಕಿರಲಿಲ್ಲ, ‘ಕೂಸು’ ಎಂದು ಲಟಿಕೆ ಮುರಿದು ಒರೆಸಿದ್ದರು.

“ಅಜ್ಜೀ, ಅದೂ ಕೂಸ ಐತಿ.”

“ಕೂಸಾದ್ರ ಕೂಸಿನಂಗ ಇರ್ಲಿ. ಲೇ ಕೊಟ್ರಾ, ಬರೋ ಸಂತಿತನಕ ನೋಡ್ತೀನಿ. ಎಂಟು ದಿನದಾಗ ತಿಳಕೊಂಡ್ರ ತಿಳಕೊಂತು. ಇಲ್ಲಂದ್ರ ಚೀಲಕ್ಕ ಹಾಕಿ ಹಳಿ ದಾಟಿಸಿ ಬಾ,” ಎಂದಳು ಅಜ್ಜಿ.

ಅಪ್ಪ ಕೊಟ್ರಪ್ಪ ನಲವತ್ತು ಮಂದಿ ರೈತರ ಜೊತೆ ಜೋರು ದನಿಯಲ್ಲಿ ಚೌಕಾಸಿ ಮಾಡಬಲ್ಲವ. ಅಜ್ಜಿಯೆದುರು ಅವನ ಬಾಯಲ್ಲಿ ‘ಆತು ಬಿಡವ್ವ’ ಎಂಬುದೊಂದೇ ಮಾತು. ಅವತ್ತೂ ಅದನ್ನೇ ಆಡಿದ. ಹೀಗೆ, ನಾನು ಹಾಲು ಹಾಕುತ್ತಿದ್ದೆನೆಂಬ ಒಂದೇ ಅಪರಾಧಕ್ಕೆ, ಒಂದು ಜೀವದ ಗಡುವು ನನ್ನ ಕೊರಳಿಗೆ ಬಿತ್ತು.

ಉಪಾಯ ಹೇಳಿದವಳು ಅವ್ವ. ಒಡೆದ ಗಡಿಗೆಯ ಅಗಲವಾದ ತಳದಲ್ಲಿ ಒಲೆಯ ಬೂದಿ ತುಂಬಿಕೊಟ್ಟಳು. ನಮ್ಮ ಮನೆಯಲ್ಲಿ ಬೂದಿಯೆಂದರೆ ಮನೆಯ ಒಬ್ಬ ಸದಸ್ಯನ ಹಾಗೆ: ಪಾತ್ರೆ ತಿಕ್ಕಲು ಅದೇ, ಬಿತ್ತನೆಯ ಹೆಸರುಕಾಳಿಗೆ ಹುಳ ಬೀಳದಂತೆ ಬೆರೆಸಲು ಅದೇ, ಬದನೆ ಗಿಡಕ್ಕೆ ಉದುರಿಸಲು ಅದೇ. ಬೆಕ್ಕಿಗೂ ಅದೇ ಆಗಲಿ. ನಾನು ಜಾಣತನ ಮಾಡಿ ಆ ಗಡಿಗೆಯ ತಳವನ್ನು ಮರಿಯ ಹಾಲಿನ ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ಕುಡಿದ ತಕ್ಷಣ ಅನುಕೂಲವಾಗಲಿ ಎಂದು. ಮರಿ ಹಾಲು ಕುಡಿದು, ಬೂದಿಯನ್ನು ದಾಟಿ, ಚೀಲಕ್ಕೇ ಹೋಯಿತು.

“ನೀ ಉಣ್ಣೋ ಜಾಗದಾಗ ಕುಂದ್ರತೀಯೇನಬೇ?” ಎಂದಳು ಅವ್ವ. “ಅದಕ್ಕೂ ಮರ್ಯಾದಿ ಐತಿ. ಮರೆಯಾಗ ಇಡು.”

ಬಚ್ಚಲ ಬಾಗಿಲ ಹಿಂದಿನ ಮೂಲೆಗೆ ಇಟ್ಟೆ. ಹಾಲು ಕುಡಿದಾಗೊಮ್ಮೆ, ಮಲಗಿ ಎದ್ದಾಗೊಮ್ಮೆ ಎತ್ತಿಕೊಂಡು ಹೋಗಿ ಬೂದಿಯಲ್ಲಿ ನಿಲ್ಲಿಸಿದೆ. ಮುಂಗಾಲು ಹಿಡಿದು ಕೆರೆಸಿದೆ. ಅದಕ್ಕೆ ತಿಳಿಯದಿದ್ದಾಗ ನಾನೇ ಬೆರಳಿನಿಂದ ಕೆರೆದು ತೋರಿಸಿದೆ. ಬೂದಿ ಅದಲುಬದಲಾಗದಿರಲೆಂದು ಬೆಕ್ಕಿನ ಗಡಿಗೆಗೆ ಸುಣ್ಣದ ಬೊಟ್ಟಿಟ್ಟೆ. ಬೊಟ್ಟು ಅಳಿಸಿದರೆ ಗತಿಯೇನೆಂದು ಪಾತ್ರೆ ತಿಕ್ಕುವ ಬೂದಿಯ ಡಬ್ಬಿಗೂ ಕುಂಕುಮದ ಬೊಟ್ಟಿಟ್ಟೆ. ದಿನಕ್ಕೆ ಮೂರು ಸಲ ಎರಡನ್ನೂ ಹೋಗಿ ನೋಡಿ ಬಂದೆ. ಗಡುವಿನ ಐದನೆಯ ದಿನ, ಯಾರೂ ಎತ್ತಿಕೊಂಡು ಹೋಗದೆ, ಮರಿ ತಾನೇ ನಡೆದು ಬಚ್ಚಲ ಮೂಲೆಗೆ ಹೋಯಿತು. ಕೆರೆಯಿತು, ಕೂತಿತು, ಮುಚ್ಚಿತು, ಮೂಸಿತು, ಸಾಲದೆಂದು ಮತ್ತೆ ಮುಚ್ಚಿತು. ಪರೀಕ್ಷೆಯಲ್ಲಿ ನಾನು ಪಾಸಾದಾಗಲೂ ಅಷ್ಟು ಮಂದಿಗೆ ಹೇಳಿರಲಿಲ್ಲ. ಆರನೆಯ ದಿನವೂ ಹಾಗೇ. ಸಂತೆಗೆ ಇನ್ನು ಎರಡೇ ದಿನ ಉಳಿದಿತ್ತು.

ಏಳನೆಯ ದಿನ ಅಯ್ಯನವರು ಊಟಕ್ಕೆ ಬರುವವರಿದ್ದರು. ಕೈಕಾಲು ತೊಳೆಯಲು ಅವರು ಬಚ್ಚಲಿಗೆ ಬರುತ್ತಾರೆ, ಈ ಗಲೀಜು ಅವರ ಕಣ್ಣಿಗೆ ಬೀಳಬಾರದು ಎಂದು ಅಜ್ಜಿ ಬೆಳಿಗ್ಗೆಯೇ ಬೊಟ್ಟಿನ ಗಡಿಗೆಯನ್ನು ಎತ್ತಿ ತಿಪ್ಪೆಗೆ ಒಗೆದಳು. ಯಾರಿಗೂ ಹೇಳಲಿಲ್ಲ. ಹಿತ್ತಲ ಬಾಗಿಲನ್ನೂ ಹಾಕಿದಳು. ಮರಿ ನಿದ್ದೆಯಿಂದ ಎದ್ದು ಬಚ್ಚಲಿಗೆ ಹೋಗಿದೆ, ಮೂಲೆ ಬರಿದು. ಅಲ್ಲಿ ನಿಂತು ಒದರಿದ್ದು ನನಗೆ ಕೇಳಿಸಿತ್ತು, ಹಸಿವಿರಬೇಕೆಂದುಕೊಂಡೆ. ಆಮೇಲೆ ಅದು ನಾವು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತು. ಬೂದಿ ಹುಡುಕಿಕೊಂಡು ಹೋಯಿತು. ಮನೆಯಲ್ಲೇ ಅತಿ ಹೆಚ್ಚು, ಅತಿ ಮೆತ್ತಗಿನ ಬೂದಿ ಎಲ್ಲಿತ್ತೋ ಅಲ್ಲಿಗೆ. ಅವ್ವ ಹೋಳಿಗೆಗೆಂದು ಎರಡನೆಯ ಒಲೆ ಹೊತ್ತಿಸಲು ಕೂತವಳು, ಕಡ್ಡಿ ಗೀರದೆ ಹಾಗೇ ಎದ್ದು ನಿಂತಳು.

“ಒಲ್ಯಾಗ! ಲೇ ಕೊಟ್ರಾ, ಒಲ್ಯಾಗ ಮಾಡೈತಲೋ! ಅಯ್ಯನಾರು ಬರೋ ದಿನ! ಚೀಲ ತಗೊಂಡು ಬಾ ಮೊದ್ಲು,” ಎಂದು ಅಜ್ಜಿ ಎದೆ ಎದೆ ಬಡಿದುಕೊಂಡಳು.

“ಅದರ ಬೂದಿ ನೀನ ಒಗದೀದಿ!” ನಾನು ಕಿರಿಚಿದೆ. “ಅದು ಬೂದಿ ಹುಡುಕ್ಕೊಂಡು ಹೋಗೈತಿ. ಅದರದೇನು ತಪ್ಪು?”

“ಬಾಯಿ ನೋಡು ಇದರದು! ಒಂದು ಹೊತ್ತು ಇಲ್ಲ ಅಂದ್ರ ತಡಕೊಳ್ಳಾಕ ಬರಂಗಿಲ್ಲೇನು ಅದಕ್ಕ?”

ಅಪ್ಪ ಪಡಸಾಲೆಯಿಂದ ಚೀಲ ಹಿಡಿದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ನಾನು ಮರಿಯನ್ನು ಲಂಗದಲ್ಲಿ ಸುತ್ತಿಕೊಂಡು ಒಲೆಯ ಮೂಲೆಗೆ ಒತ್ತಿ ನಿಂತಿದ್ದೆ. ಆಗ ಅವ್ವ ಮಾತಾಡಿದಳು. ಜೋರಾಗಿ ಅಲ್ಲ. ಅಜ್ಜಿಯೆದುರು ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ.

“ತಡಕೊಳ್ಳೋದು ಹೆಂಗಿರತೈತಿ ಅಂತ ನನ್ನ ಕೇಳ್ರಿ ಅತ್ತೀ.”

ಅಜ್ಜಿಯ ಕೈ ಎದೆಯ ಮೇಲೇ ನಿಂತಿತು.

“ಹದಿಮೂರು ವರ್ಷ ಆತು ಈ ಮನಿಗೆ ಬಂದು. ಅದಕ್ಕ ಒಂದು ವಾರದಾಗ ಒಂದು ಮೂಲಿ ಸಿಕ್ತು. ಒಂದು ಹೊತ್ತು ಅದನ್ನ ಕಸಗೊಂಡ್ರ ಒಲಿಗೆ ಹೋತು. ನಾನು ಎಲ್ಲಿಗೆ ಹೋಗ್ಲಿ ಹೇಳ್ರಿ.”

“ಬೆಕ್ಕೂ ನೀನೂ ಒಂದ ಏನು?”

“ಒಂದ ಹೆಂಗಾಗತೈತ್ರಿ. ಅದಕ್ಕ ಜಾಗ ಐತಿ.”

ಇಷ್ಟೇ. ಅವ್ವ ಒಲೆಯ ಬೂದಿಯನ್ನೆಲ್ಲ ಮೊರಕ್ಕೆ ಬಾಚಿ, ಒಲೆಯನ್ನು ಸಗಣಿಯಿಂದ ಸಾರಿಸಿ, ಇನ್ನೊಂದು ಒಲೆಯ ಮೇಲೆ ಹಂಚಿಟ್ಟಳು. ಅಪ್ಪ ಕೈಯಲ್ಲಿದ್ದ ಚೀಲವನ್ನು ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲು ಬರುವುದಿಲ್ಲವೆನ್ನುವಷ್ಟು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದ. ಅಯ್ಯನವರು ಬಂದು ಹೋಳಿಗೆ ಉಂಡು, ಚಲೋ ಆಗ್ಯಾವೆಂದು ಇನ್ನೆರಡು ಹಾಕಿಸಿಕೊಂಡು ಹೋದರು. ಸಂತೆಯ ದಿನ ಬಂತು, ಹೋಯಿತು. ಚೀಲದ ಮಾತು ಯಾರೂ ಎತ್ತಲಿಲ್ಲ. ಅವ್ವ ಬಡಿಸಿದಳು, ಅಪ್ಪ ಉಂಡ, ಅಜ್ಜಿ ಜಪ ಮಾಡಿದಳು, ನಾಲ್ಕು ದಿನ ಮನೆಯಲ್ಲಿ ಮಾತಾಡಿದ್ದು ಬೆಕ್ಕೊಂದೇ.

ಐದನೆಯ ದಿನ ಗೌಂಡಿ ಇಮಾಮಣ್ಣ ದಾರ, ಗೂಟ ಹಿಡಿದು ಬಂದು ಹಿತ್ತಲಲ್ಲಿ ಅಳೆಯತೊಡಗಿದ. ಅಜ್ಜಿ ಅಕ್ಕಿ ಆರಿಸುವ ಮೊರ ಹಿಡಿದೇ ಹಿತ್ತಲಿಗೆ ಬಂದಳು.

“ಏನಲೇ ಕೊಟ್ರಾ ಇದು?”

ಅಪ್ಪ ಬೇವಿನ ಮರವನ್ನು ನೋಡುತ್ತ ಹೇಳಿದ: “ಬೆಕ್ಕಿಗೆ ಒಂದು ಕೋಣಿ ಕಟ್ಟಸ್ತೀನವ್ವ. ಮನಿಯಾಗ ಮಾಡಿದ್ರ ನಿನಗ ಮೈಲಿಗಿ.”

“ಬೆಕ್ಕಿಗೆ ಆಳೆತ್ತರದ ಗ್ವಾಡಿ ಯಾಕ?”

“ಜಿಗದು ಹೋಗ್ತೈತಿ.”

“ಬಾಗ್ಲಾ?”

“ನಾಯಿ ಬರಬಾರ್ದಲ್ಲ.”

“ಒಳಗ ಚಿಲಕ ಇಡು ಅಂತ ಹೇಳಿದ್ದು ಕೇಳಿಸ್ತು ನನಗ. ಬೆಕ್ಕು ಚಿಲಕ ಹಾಕ್ಕೊಂತೈತೇನಲೇ?”

ಗೂಟ ಬಡಿಯುತ್ತಿದ್ದ ಇಮಾಮಣ್ಣ ತಲೆಯೆತ್ತದೆ ಅಂದ: “ಮರ್ಯಾದಿ ಇರೋ ಮನಿ ಬೆಕ್ಕು ಐತಲ್ಲವ್ವ. ಹಾಕ್ಕೊಂತೈತಿ.”

ಅಜ್ಜಿ ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಒಗೆದು, “ಬೆಕ್ಕಿಗಾದ್ರ ಕಟ್ಟಸ್ಕೋ, ನನ್ನದೇನೈತಿ,” ಎಂದು ಒಳಗೆ ಹೋದಳು.

ಬೇರೆಯವರಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದು ನಗುತ್ತಾರೆ. ನಾನೂ ನಗಿಸುವ ಹಾಗೆಯೇ ಹೇಳುತ್ತೇನೆ. ಆದರೆ ಒಳಗೆ ಆ ಉರಿ ಇನ್ನೂ ಆರಿಲ್ಲ. ನನ್ನ ಅವ್ವನಿಗೆ ಹದಿಮೂರು ವರ್ಷ ಸಿಗದ ನಾಲ್ಕು ಗೋಡೆ, ಮುಷ್ಟಿಯಷ್ಟು ಬೆಕ್ಕಿನ ಹೆಸರು ಹೇಳಿದ ಕೂಡಲೇ ಸಿಕ್ಕಿತು. ಅವಳ ಹೆಸರಿನಲ್ಲಿ ಕೇಳಿದ್ದರೆ ಅದು ಮೈಲಿಗೆ, ಹಟಮಾರಿತನ, ತವರಿನವರು ಕಲಿಸದ ನಡತೆ. ಬೆಕ್ಕಿನ ಹೆಸರಿನಲ್ಲಿ ಕೇಳಿದ್ದರಿಂದ ಬರೀ ಇಟ್ಟಿಗೆ, ಸಿಮೆಂಟು. ಅಪ್ಪ ಕೆಟ್ಟವನಲ್ಲ, ಅಜ್ಜಿಯೂ ಕೆಟ್ಟವಳಲ್ಲ ಎಂದು ಹೇಳುವವರಿದ್ದಾರೆ. ಕೆಟ್ಟವರಲ್ಲವೆಂದು ನಾನೂ ಬಲ್ಲೆ. ಅದಕ್ಕೇ ಸಿಟ್ಟು ಹೆಚ್ಚು. ಅಜ್ಜಿಯ ಮಂಡಿಗಳೂ ಆ ಹಳಿಯ ಜಲ್ಲಿಕಲ್ಲಿನ ಮೇಲೆ ನಲವತ್ತು ವರ್ಷ ಹತ್ತಿ ಇಳಿದು ಸವೆದಿದ್ದವು. ತಾನು ತಡೆದುಕೊಂಡದ್ದನ್ನು ಎಲ್ಲರೂ ತಡೆದುಕೊಳ್ಳಬೇಕು, ಕೊನೆಗೆ ಬೆಕ್ಕಿನ ಮರಿಯೂ ತಡೆದುಕೊಳ್ಳಬೇಕು ಎಂಬುದೇ ಅವಳಿಗೆ ಧರ್ಮವಾಗಿತ್ತು. ಆ ಕೋಣೆ ಎದ್ದು ಆರು ತಿಂಗಳಾದ ಮೇಲೆ ಅವಳೂ ಸೆರಗಿನಡಿ ಚರಿಗೆ ಮುಚ್ಚಿಕೊಂಡು, ‘ಬೆಕ್ಕು ಎಲ್ಲಿ ಹೋತು ನೋಡತೀನಿ’ ಎನ್ನುತ್ತ ಹಿತ್ತಲಿಗೆ ಹೋಗತೊಡಗಿದಳು. ಎಷ್ಟೋ ಸಲ ಬೆಕ್ಕು ಅವಳ ಕಣ್ಣೆದುರೇ ಮಲಗಿರುತ್ತಿತ್ತು. ನನ್ನನ್ನು ನೋಡಲು ಬಂದ ಗಂಡು, ಈಗಿನ ಆ ಚಪ್ಪಲಿಯ ಯಜಮಾನರು, ಮೆಲ್ಲಗೆ ಪಾಯಿಖಾನೆ ಎಲ್ಲಿ ಎಂದು ಕೇಳಿದಾಗ ಅಪ್ಪ ಗಂಭೀರವಾಗಿ, “ಬೆಕ್ಕಿನ ಕೋಣಿ ಹಿತ್ತಲದಾಗ ಐತ್ರಿ,” ಎಂದಿದ್ದ. ಅವರು ಬೆಕ್ಕು ನೋಡಲು ಹೊರಟವರಂತೆ ಹೋಗಿಬಂದರು. ಆ ಹೆಸರು ಹೋಗಲೇ ಇಲ್ಲ.

ಕಟ್ಟುವ ಒಂದು ತಿಂಗಳೂ ನನಗೆ ನೆಮ್ಮದಿಯಿರಲಿಲ್ಲ. ಗುಂಡಿಯಲ್ಲಿ ಮರಿ ಬೀಳಬಹುದು, ಗೋಡೆ ಅಜ್ಜಿಯ ಮೇಲೆ ಬೀಳಬಹುದು, ಅಪ್ಪ ಅರ್ಧಕ್ಕೇ ಮನಸ್ಸು ಬದಲಿಸಿ ಅಲ್ಲಿ ಚೀಲ ಒಟ್ಟಬಹುದು. ಯಾವುದೂ ಆಗಲಿಲ್ಲ. ಮರಿಗೆ ಇಮಾಮಣ್ಣನ ಮರಳಿನ ಗುಡ್ಡೆ ಸಿಕ್ಕಿತು. ಬೂದಿ, ಒಲೆ, ಚೀಲ ಎಲ್ಲವನ್ನೂ ಅದು ಆ ಗಳಿಗೆಯಲ್ಲೇ ಮರೆತುಬಿಟ್ಟಿತು. ಇಮಾಮಣ್ಣ ದಿನಾ ಮರಳು ಜರಡಿ ಹಿಡಿಯುವಾಗ ಅಪ್ಪನನ್ನು ಕರೆದು, “ನಿಮ್ಮ ಬೆಕ್ಕು ಕೋಣಿ ಮುಗಿಯೋತನಕ ತಡಕೊಳ್ಳವಲ್ದು ನೋಡ್ರಿ,” ಎನ್ನುತ್ತಿದ್ದ.

ಕೋಣೆಯೊಳಗಿನ ಸಿಮೆಂಟು ಆರಿದೆ ಎಂದು ಇಮಾಮಣ್ಣ ಹೇಳಿ ಹೋದ ದಿನ, ಮಧ್ಯಾಹ್ನದ ಊಟವಾದ ಮೇಲೆ, ಅವ್ವ ಕೊಡದಿಂದ ನೀರು ಬಗ್ಗಿಸಿ ನಿಂತುಕೊಂಡೇ ಕುಡಿದಳು. ಹೊತ್ತು ಇಳಿದಿತ್ತು, ಬಿಸಿಲು ಇನ್ನೂ ಹೋಗಿರಲಿಲ್ಲ. ಚೊಂಬು ತುಂಬ ಕುಡಿದಳು, ಮತ್ತೆ ಅರ್ಧ ಚೊಂಬು ಕುಡಿದಳು. ನಾನು ಬೆರಗಾಗಿ ನೋಡಿದೆ; ಅವಳಿಗೆ ಸಂಜೆಯ ನೀರು ಸೇರುವುದಿಲ್ಲವಲ್ಲ! ಆಮೇಲೆ ಅವಳು ಹಿತ್ತಲಿನ ಬಿಸಿಲಿನಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಳ್ಳದೆ, ಆಚೀಚೆ ನೋಡದೆ, ಚರಿಗೆ ಹಿಡಿದು ನಡೆದಳು. ಅಷ್ಟು ಬೆಳಕಿನಲ್ಲಿ ಅವಳ ಕೈಯಲ್ಲಿ ಆ ಚರಿಗೆಯನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿ ಅಕ್ಕಿ ಇರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಚೀಲ ಎಣಿಸುತ್ತಿದ್ದವನು ಎಣಿಕೆ ನಿಲ್ಲಿಸಿದ್ದ. ಅವ್ವ ಹೊಸ ಬಾಗಿಲನ್ನು ಎಳೆದಳು. ಎಳೆದವಳು ಒಂದು ಹೆಜ್ಜೆ ಹಿಂದೆ ಬಂದು ನಿಂತಳು. ನಾನು ಓಡಿದೆ.

ಒಳಗಿನ ಮೂಲೆಯಲ್ಲಿ ಒಂದು ಬೊಗಸೆ ಮರಳು ಉಳಿದಿತ್ತು. ಅದರ ಮೇಲೆ ಪುಟಾಣಿ, ಬಾಲ ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ನಾನು ಅದನ್ನು ಎತ್ತಿ ಹೊರಗೆ ಎಸೆಯಲು ಬಗ್ಗಿದೆ. ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು.

“ಬಿಡಬೇ. ಅದರ ಕೋಣಿ ಐತಿ. ಮುಗಿಸ್ಲಿ.”

ಬಾಗಿಲು ಮುಂದೆ ಮಾಡಿದಳು. ನಾನು ಹೆದರಿದ್ದರಲ್ಲಿ ಯಾವುದೂ ಆಗಲಿಲ್ಲ. ಲಾರಿ ತಿರುಗಿ ಬರಲಿಲ್ಲ, ಅಜ್ಜಿ ಸಾಯಲಿಲ್ಲ, ಬೋರಮಾಳ ಕರಗಲಿಲ್ಲ. ಕೆಟ್ಟದ್ದು ಇಷ್ಟೇ: ಹದಿಮೂರು ವರ್ಷ ಕಾದವಳು, ಒಂದೂವರೆ ಚೊಂಬು ನೀರು ಕುಡಿದು, ಕೈಯಲ್ಲಿ ಚರಿಗೆ ಹಿಡಿದು, ಬೇವಿನ ಮರದ ಕೆಳಗೆ ಇನ್ನೊಂದಿಷ್ಟು ಹೊತ್ತು ನಿಂತಳು. ಒಳಗೆ ಅದು ಮುಚ್ಚಿತು, ಮೂಸಿತು, ಸಾಲದೆಂದು ಮತ್ತೆ ಮುಚ್ಚಿತು.